ಇವಿ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು: ಮುಂಬೈ, ಪುಣೆ, ಗೋವಾದ ಕನ್ನಡಿಗರಿಗೊಂದು ಮಾರ್ಗದರ್ಶಿ

ಇಲೆಕ್ಟ್ರಿಕ್ ಕಾರು ಕೊಳ್ಳುವ ಮುನ್ನ ನಮ್ಮವರು ಕೇಳುವ ಪ್ರಶ್ನೆ ಒಂದೇ: "ಊರಿಗೆ ಹೋಗಿ ಮುಟ್ಟುತ್ತದಾ?" ಕೊಂಡ ಮೇಲೆ ಬರುವ ತಾಪತ್ರಯಗಳಿಗೂ ಈ ಪ್ರಶ್ನೆಗೂ ಅಷ್ಟೇನೂ ಸಂಬಂಧವಿಲ್ಲ. ಬೆಳಿಗ್ಗೆ ಕಾರು ಎದ್ದೇಳದಿದ್ದರೆ ಮನೆಮಂದಿಯೆಲ್ಲ "ಬ್ಯಾಟರಿ ಹೋಯ್ತು, ಲಕ್ಷಗಟ್ಟಲೆ ಖರ್ಚು" ಎಂದು ಕಂಗಾಲಾಗುತ್ತಾರೆ. ಆದರೆ ದೊಡ್ಡ ಬ್ಯಾಟರಿ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಕೆಟ್ಟರೂ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿನ ವಾರಂಟಿ ಇರುತ್ತದೆ. ಕೈಕೊಡುವುದು ಅದರ ಸುತ್ತಮುತ್ತಲಿನ ಸಣ್ಣಪುಟ್ಟ ಸಾಮಾನು: ಗೋಡೆಯ ಸಾಕೆಟ್ಟು, ಅರ್ತಿಂಗ್, ಬಾನೆಟ್ಟಿನೊಳಗಿನ 12 ವೋಲ್ಟ್ ಬ್ಯಾಟರಿ, ಚಾರ್ಜಿಂಗ್ ಕೇಬಲಿನ ತುದಿಯ ಗನ್ನಿನ ಲಾಕ್, ಫೋನಿನ ಆ್ಯಪ್. ಸರ್ವಿಸ್ ಸೆಂಟರಿಗೆ ಫೋನ್ ಹಚ್ಚುವ ಮೊದಲು ಹುಡುಕಾಟ ಅಲ್ಲಿಂದ ಶುರುವಾಗಲಿ.

ಮನೆಯಲ್ಲಿ ಚಾರ್ಜ್ ಆಗುತ್ತಿಲ್ಲ

ರಾತ್ರಿ ಪ್ಲಗ್ ಹಾಕಿ ಮಲಗಿದಿರಿ, ಬೆಳಿಗ್ಗೆ ನೋಡಿದರೆ ನಿನ್ನೆ ಇದ್ದಷ್ಟೇ ಇದೆ. ಈ ಕ್ರಮದಲ್ಲಿ ನೋಡುತ್ತಾ ಹೋಗಿ:

1. ಕಾರಿನ ಸ್ಕ್ರೀನಿನಲ್ಲೋ ಆ್ಯಪಿನಲ್ಲೋ ಚಾರ್ಜಿಂಗ್ ಟೈಮರ್ ಆನ್ ಆಗಿದೆಯೇ? 80 ಪರ್ಸೆಂಟಿಗೆ ನಿಲ್ಲಿಸುವ ಮಿತಿ ಹಾಕಿದೆಯೇ? ಮನೆಯಲ್ಲಿ ಮಕ್ಕಳು ಸೆಟ್ಟಿಂಗ್ ಮುಟ್ಟಿರುವ ಸಾಧ್ಯತೆಯನ್ನೂ ಮರೆಯಬೇಡಿ.

2. ಎಂಸಿಬಿ (ಹೊರೆ ಹೆಚ್ಚಾದರೆ ಬೀಳುವ ಸ್ವಿಚ್) ಅಥವಾ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಬಿದ್ದಿದೆಯೇ? ಎತ್ತಿದ ಕೂಡಲೇ ಮತ್ತೆ ಬಿದ್ದರೆ ಅಲ್ಲಿಗೇ ಬಿಡಿ. ಮತ್ತೊಮ್ಮೆ ಎತ್ತಲು ಹೋಗಬೇಡಿ.

3. ಚಾರ್ಜರಿನ ಪೆಟ್ಟಿಗೆಯ ಮೇಲಿನ ದೀಪ ಯಾವ ಬಣ್ಣ, ಎಷ್ಟು ಸಲ ಮಿನುಗುತ್ತಿದೆ ನೋಡಿ. ಇದರ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ ಪಟ್ಟಿಯಲ್ಲೋ ಕೈಪಿಡಿಯಲ್ಲೋ ವಿವರ ಇರುತ್ತದೆ. ಆ ಪಟ್ಟಿಯ ಫೋಟೋ ಇವತ್ತೇ ತೆಗೆದಿಡಿ, ಅಂಟು ಬಿಟ್ಟು ಅದು ಉದುರಿಹೋಗುತ್ತದೆ.

4. ಬೇರೆ ಮನೆಯ, ಬೇರೆ ವೈರಿಂಗಿನ 15 ಆಂಪಿಯರ್ ಸಾಕೆಟ್ಟಿಗೆ ಹಾಕಿ ನೋಡಿ. ಅಲ್ಲಿ ನಡೆದರೆ ದೋಷ ನಿಮ್ಮ ಗೋಡೆಯಲ್ಲಿದೆ, ಕಾರಿನಲ್ಲಿ ಅಲ್ಲ.

5. ಅಲ್ಲೂ ನಡೆಯದಿದ್ದರೆ ಹೊರಗಿನ ಎಸಿ ಚಾರ್ಜರಿಗೆ ಒಮ್ಮೆ, ಡಿಸಿ ಫಾಸ್ಟ್ ಚಾರ್ಜರಿಗೆ ಒಮ್ಮೆ ಹಾಕಿ. ಹೊರಗಿನ ಎಸಿಯಲ್ಲಿ ನಡೆದರೆ ನಿಮ್ಮ ಪೋರ್ಟಬಲ್ ಚಾರ್ಜರೇ ಕೆಟ್ಟಿದೆ. ಎಸಿ ಎಲ್ಲೂ ನಡೆಯದೆ ಡಿಸಿ ಮಾತ್ರ ನಡೆದರೆ ಸಂಶಯ ಕಾರಿನೊಳಗಿನ ಆನ್‌ಬೋರ್ಡ್ ಚಾರ್ಜರ್ ಮೇಲೆ. ಮನೆಯ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವುದು ಅದು. ಫಾಸ್ಟ್ ಚಾರ್ಜರ್ ಅದನ್ನು ಬಳಸದೆ ನೇರ ಬ್ಯಾಟರಿಗೇ ಕೊಡುತ್ತದೆ.

ಈ ಐದನೇ ಹೆಜ್ಜೆಯವರೆಗಿನ ಮಾಹಿತಿ ಕೈಯಲ್ಲಿದ್ದರೆ ಸರ್ವಿಸ್ ಸೆಂಟರಿನವರು "ಒಂದು ವಾರ ಕಾರು ಬಿಟ್ಟುಹೋಗಿ, ನೋಡುತ್ತೇವೆ" ಎನ್ನಲಾರರು. ಏನನ್ನು ನೋಡಬೇಕೆಂದು ನೀವೇ ಹೇಳಬಹುದು.

ಇನ್ನು ಸಾಕೆಟ್ಟಿನ ವಿಷಯ. ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಇದಕ್ಕಿಂತ ಮುಖ್ಯವಾದದ್ದಿಲ್ಲ. ಗೀಸರ್ ಅರ್ಧ ಗಂಟೆ ಉರಿದು ಆರುತ್ತದೆ, ಮಿಕ್ಸರ್ ಐದು ನಿಮಿಷ. ಕಾರು ಎಂಟು ಹತ್ತು ಗಂಟೆ ಒಂದೇ ಸಮನೆ 10ರಿಂದ 15 ಆಂಪಿಯರ್ ಎಳೆಯುತ್ತದೆ. ಸಾಕೆಟ್ಟಿನ ಒಳಗಿನ ಹಿತ್ತಾಳೆಯ ಹಿಡಿತ ಸ್ವಲ್ಪ ಸಡಿಲವಾದರೂ ಅಲ್ಲಿ ಬಿಸಿ ಏರುತ್ತದೆ, ಬಿಸಿ ಏರಿದಷ್ಟೂ ಹಿಡಿತ ಇನ್ನೂ ಸಡಿಲವಾಗುತ್ತದೆ. ಮೊದಲ ಗುರುತು ಸಾಕೆಟ್ಟಿನ ತೂತಿನ ಸುತ್ತ ಕಾಣುವ ತೆಳು ಹಳದಿ ಉಂಗುರ. ಆಮೇಲೆ ಅದು ಕಂದು. ಆಮೇಲೆ ಪ್ಲಾಸ್ಟಿಕ್ ಮೆತ್ತಗಾಗಿ ತೂತಿನ ಅಂಚು ಒಳಕ್ಕೆ ಕುಸಿದು, ಪ್ಲಗ್ ಎಳೆದರೆ ಪಿನ್ನಿನ ಜೊತೆ ಎಳೆಎಳೆಯಾಗಿ ಬರುತ್ತದೆ. ಮೀನು ಕೊಳೆತ ಹಾಗೆ ಒಂದು ವಾಸನೆ ಬಂದರಂತೂ ಕಾಯಬೇಡಿ, ಮೇನ್ ಆಫ್ ಮಾಡಿ.

ಕಲ್ಯಾಣದಲ್ಲಿ ಕೆಲಸ ಮಾಡುವ ವಿಜಯಪುರದ ಕಡೆಯ ವೈರ್‌ಮನ್ ಒಬ್ಬರು ನಮ್ಮ ಕಟ್ಟಡದ ಇಂಥದೊಂದು ಸಾಕೆಟ್ಟನ್ನು ಬಿಚ್ಚಿ ತೋರಿಸಿದರು. "ಸಾಹೇಬ್ರ, ಇದು ಮಿಕ್ಸರ್ ತಿರುಗಿಸೋ ಸಾಕೆಟ್ರೀ. ಗಾಡಿಗೆ ರಾತ್ರಿಯೆಲ್ಲಾ ಕರೆಂಟ್ ಹರೀತೈತಿ, ಇದು ತಡಕೊಳ್ಳಂಗಿಲ್ಲ," ಎಂದರು. ಪಕ್ಕದಲ್ಲಿ ನಿಂತಿದ್ದ ಸೆಕ್ರೆಟರಿಗೆ ಅದನ್ನೇ ಮರಾಠಿಯಲ್ಲಿ, ಇನ್ನೂ ಖಾರವಾಗಿ ಹೇಳಿದರು.

ಹೊಸ ಪಾಯಿಂಟ್ ಹಾಕಿಸುವವರು ವೈರ್‌ಮನ್ ಹತ್ತಿರ ಇಷ್ಟನ್ನು ಹೇಳಿ ಮಾಡಿಸಿ. 15 ಆಂಪಿಯರ್ ಪಾಯಿಂಟಿಗೆ ಮೀಟರಿನಿಂದ ನೇರ, ಬೇರಾವುದಕ್ಕೂ ಹಂಚಿಕೊಳ್ಳದ 4 ಚದರ ಮಿಲಿಮೀಟರ್ ತಾಮ್ರದ ತಂತಿ, ಒಳ್ಳೆಯ ಕಂಪನಿಯ ಸಾಕೆಟ್, ಎಂಸಿಬಿ, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಗೋಡೆಗೆ 7.2 ಕಿಲೋವ್ಯಾಟ್ ಬಾಕ್ಸ್ ಹಾಕಿಸುವುದಾದರೆ ಅದು 32 ಆಂಪಿಯರ್ ಎಳೆಯುತ್ತದೆ. ಕನಿಷ್ಠ 6 ಚದರ ಮಿಲಿಮೀಟರ್ ತಂತಿ ಬೇಕು. ದೂರ ಹೆಚ್ಚಿದ್ದರೆ 10. ಮುಂಬೈಯಲ್ಲಿ ಮೀಟರ್ ರೂಮ್ ಕಟ್ಟಡದ ಒಂದು ಮೂಲೆಯಲ್ಲಿ, ನಿಮ್ಮ ಪಾರ್ಕಿಂಗ್ ಇನ್ನೊಂದು ಮೂಲೆಯ ಬೇಸ್‌ಮೆಂಟಿನಲ್ಲಿ ಇರುವುದೇ ಹೆಚ್ಚು. 50 ಮೀಟರ್ ದೂರಕ್ಕೆ 6 ಚದರ ಮಿಲಿಮೀಟರ್ ತಂತಿಯಲ್ಲಿ 32 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 10 ವೋಲ್ಟ್ ಇಳಿದುಹೋಗುತ್ತದೆ, 10 ಚದರ ಮಿಲಿಮೀಟರ್ ಆದರೆ 6 ವೋಲ್ಟ್. ತಂತಿಯಲ್ಲಿ ಉಳಿಸಿದ ದುಡ್ಡನ್ನು ಬಿಲ್ಲಿನಲ್ಲಿ ಕೊಡುತ್ತಾ ಹೋಗುತ್ತೀರಿ. ಎಕ್ಸ್‌ಟೆನ್ಶನ್ ಬೋರ್ಡ್ ಎಂಬ ಪದ ಇಲ್ಲಿ ಬಾಯಿಗೆ ಬರಲೇಬಾರದು.

ಅರ್ತಿಂಗ್ ಸರಿಯಿಲ್ಲದಿದ್ದರೆ ಬಹುತೇಕ ಚಾರ್ಜರುಗಳು ಕೆಂಪು ದೀಪ ತೋರಿಸಿ ಸುಮ್ಮನಾಗುತ್ತವೆ. ಮಲ್ಟಿಮೀಟರ್ ಇರುವ ವೈರ್‌ಮನ್‌ಗೆ ಐದು ನಿಮಿಷದ ಕೆಲಸ: ಫೇಸ್ ಮತ್ತು ಅರ್ತ್ ನಡುವೆ ಹೆಚ್ಚುಕಡಿಮೆ ಫೇಸ್ ಮತ್ತು ನ್ಯೂಟ್ರಲ್ ನಡುವಿನಷ್ಟೇ ವೋಲ್ಟೇಜ್ ಬರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟಿನ ಒಳಗಿದ್ದರೆ ಚೆನ್ನ, ಹತ್ತು ದಾಟಿದರೆ ಅರ್ತಿಂಗ್ ಕೆಟ್ಟಿದೆ ಎಂದೇ ಲೆಕ್ಕ. ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೂ ಕೆಲವು ಚಾರ್ಜರುಗಳು ಮುಷ್ಕರ ಹೂಡುತ್ತವೆ. ಸಾಕೆಟ್ಟಿನ ಎದುರು ನಿಂತು ಅರ್ತಿನ ದೊಡ್ಡ ತೂತು ಮೇಲಿರುವಂತೆ ನೋಡಿದರೆ ಫೇಸ್ ಬಲಕ್ಕಿರಬೇಕು.

ಗೋವಾದಲ್ಲಿ ಸ್ವಂತ ಮನೆ ಇರುವವರಿಗೆ ಇನ್ನೊಂದು ಬಗೆಯ ಕಾಟ. ಮಳೆಗಾಲದಲ್ಲಿ ಸಲೀಸಾಗಿ ಚಾರ್ಜ್ ಆಗುವ ಕಾರು ಏಪ್ರಿಲ್ ಬಂತೆಂದರೆ ಅರ್ತ್ ಫಾಲ್ಟ್ ತೋರಿಸತೊಡಗುತ್ತದೆ. ಕೆಂಪುಕಲ್ಲಿನ ನೆಲ ಒಣಗಿದಾಗ ಕರೆಂಟನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ ಹೊಸ ಗುಂಡಿ ತೋಡಿಸಬೇಕು.

ಕೆಲವರು ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿಗೂ ಅರ್ತಿಗೂ ಒಂದು ತುಂಡು ತಂತಿ ಕಟ್ಟಿ ಚಾರ್ಜರನ್ನು ಏಮಾರಿಸುತ್ತಾರೆ. ದೀಪ ಹಸಿರಾಗುತ್ತದೆ, ನಿಜ. ಆದರೆ ಹಿಂದೆಲ್ಲೋ ನ್ಯೂಟ್ರಲ್ ಕಡಿದುಹೋದ ದಿನ ಕಾರಿನ ಇಡೀ ಮೈಗೆ ಕರೆಂಟ್ ಬರುತ್ತದೆ. ಬಾಗಿಲು ತೆಗೆಯಲು ಕೈ ಹಾಕುವವರು ಮನೆಯ ಮಕ್ಕಳೂ ಆಗಿರಬಹುದು. ಈ ಜುಗಾಡ್ ಮಾಡಿಕೊಡುತ್ತೇನೆ ಎನ್ನುವ ವೈರ್‌ಮನ್‌ನನ್ನು ಚಹಾ ಕೊಟ್ಟು ಕಳಿಸಿಬಿಡಿ.

ಸೊಸೈಟಿಯವರು ಒಪ್ಪುತ್ತಿಲ್ಲ

ಕಾರಿಗಿಂತ ಕಮಿಟಿ ರಿಪೇರಿ ಕಷ್ಟ ಎಂಬುದು ಡೊಂಬಿವಿಲಿಯಿಂದ ಪಿಂಪ್ರಿಯವರೆಗೆ ಎಲ್ಲರ ಅನುಭವ. ಬಾಯಿಮಾತಿನ ಜಗಳಕ್ಕಿಂತ ಕಾಗದ ಮುಂದಿಡುವುದು ಲೇಸು. ಕೇಂದ್ರ ವಿದ್ಯುತ್ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲೇ, ಇರುವ ಕನೆಕ್ಷನ್ ಬಳಸಿ ಮನೆಯಲ್ಲಿ, ಆಫೀಸಿನಲ್ಲಿ ಕಾರು ಚಾರ್ಜ್ ಮಾಡಿಕೊಳ್ಳಬಹುದು ಎಂದಿದೆ. 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ ಇವಿ ಚಾರ್ಜಿಂಗಿಗೆ ಪ್ರತ್ಯೇಕ ಕನೆಕ್ಷನ್ ಕೇಳಬಹುದು. ಹೊಸ ಕನೆಕ್ಷನ್ ಕೊಡಲು ಮಹಾನಗರಗಳಲ್ಲಿ 3 ದಿನ, ಇತರ ನಗರಸಭಾ ಪ್ರದೇಶಗಳಲ್ಲಿ 7 ದಿನದ ಗಡುವನ್ನೂ ಅದೇ ತಿದ್ದುಪಡಿ ಹಾಕಿದೆ. ಈ ಎರಡರ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ.

ಅರ್ಜಿಯಲ್ಲಿ ಕಮಿಟಿಯವರು ಕೇಳುವ ಮೂರು ಪ್ರಶ್ನೆಗೆ ಕೇಳುವ ಮೊದಲೇ ಉತ್ತರವಿರಲಿ. ಕರೆಂಟ್ ಯಾರದ್ದು? ನನ್ನ ಮೀಟರಿನದ್ದು, ಅಥವಾ ಸಬ್‌ಮೀಟರ್ ಹಾಕಿಸಿ ಯೂನಿಟ್ ಲೆಕ್ಕದಲ್ಲಿ ಕೊಡುತ್ತೇನೆ. ತಂತಿ ಎಲ್ಲಿ ಹಾಯುತ್ತದೆ? ಇಗೋ ನಕ್ಷೆ, ಪೈಪಿನೊಳಗೆ, ಪರವಾನಗಿ ಇರುವ ಕಂತ್ರಾಟುದಾರರಿಂದ. ಬೆಂಕಿ ಬಿದ್ದರೆ? ಆರ್‌ಸಿಸಿಬಿ, ಎಂಸಿಬಿ ವಿವರ ಇಲ್ಲಿದೆ. ಕೊನೆಯ ಪ್ರಶ್ನೆಗೆ ಸಿಟ್ಟಾಗಬೇಡಿ, ಸುಟ್ಟ ಸಾಕೆಟ್ಟುಗಳನ್ನು ಅವರೂ ನೋಡಿರುತ್ತಾರೆ.

ಮುಂಬೈ ದ್ವೀಪನಗರದಲ್ಲಿ ಬೆಸ್ಟ್, ಉಪನಗರಗಳಲ್ಲಿ ಅದಾನಿ ಅಥವಾ ಟಾಟಾ, ಭಾಂಡುಪ್, ಮುಲುಂಡ್, ಠಾಣೆ, ನವಿ ಮುಂಬೈ, ಪುಣೆಯಲ್ಲಿ ಮಹಾವಿತರಣ, ಗೋವಾದಲ್ಲಿ ಸರ್ಕಾರದ ವಿದ್ಯುತ್ ಇಲಾಖೆ. ಅರ್ಜಿ ಯಾರಿಗೆ ಎಂಬುದು ಬಿಲ್ಲಿನ ತಲೆಯಲ್ಲೇ ಇದೆ. 7.2 ಕಿಲೋವ್ಯಾಟ್ ಬಾಕ್ಸ್ ಹಾಕುವ ಮುನ್ನ ಮಂಜೂರಾದ ಲೋಡ್ ಎಷ್ಟಿದೆ ನೋಡಿ, ಸಾಲದಿದ್ದರೆ ಹೆಚ್ಚಿಸಿಕೊಳ್ಳಿ. ಕಾರು ಚಾರ್ಜ್ ಆಗುವಾಗಲೇ ಎಸಿ, ಗೀಸರ್ ಎರಡೂ ಹಾಕಿದಾಗ ಮೇನ್ ಬೀಳುತ್ತಿದ್ದರೆ ಕಾರಣ ಅದೇ. ಹೊಸ ಮೀಟರ್ ಇದ್ದು ಗಂಟೆಗೊಂದು ದರ ಇದ್ದರೆ, ಅಗ್ಗದ ಗಂಟೆ ನೋಡಿ ಕಾರಿನ ಟೈಮರ್ ಇಡಿ.

ಸ್ಟ್ಯಾಕ್ ಪಾರ್ಕಿಂಗಿನವರಿಗೆ ಮಾತ್ರ ನನ್ನಲ್ಲಿ ಸುಲಭದ ಉತ್ತರವಿಲ್ಲ. ಮೇಲೆ ಕೆಳಗೆ ಹೋಗುವ ತಟ್ಟೆಯ ಮೇಲಿನ ಕಾರಿಗೆ ಕೇಬಲ್ ಜೋಡಿಸಿ ಬಿಡುವುದು ಅಪಾಯ. ಕಟ್ಟಡದ ವಿಸಿಟರ್ ಪಾರ್ಕಿಂಗಿನಲ್ಲಿ ಎಲ್ಲರಿಗೂ ಸೇರಿದ ಒಂದು ಚಾರ್ಜರ್ ಹಾಕಿಸಲು ವಾರ್ಷಿಕ ಸಭೆಯಲ್ಲಿ ಠರಾವು ತನ್ನಿ, ಅಲ್ಲಿಯವರೆಗೆ ಆಫೀಸಿನ ಚಾರ್ಜರೇ ಗತಿ.

ಬೆಳಿಗ್ಗೆ ಕಾರು ಸತ್ತಂತೆ ಬಿದ್ದಿದೆ

ಕೀ ಒತ್ತಿದರೆ ಸದ್ದಿಲ್ಲ. ಸ್ಕ್ರೀನ್ ಕಪ್ಪು. ಅಥವಾ ಹತ್ತಾರು ಎಚ್ಚರಿಕೆ ದೀಪಗಳು ದೀಪಾವಳಿಯಂತೆ ಒಟ್ಟಿಗೇ ಹತ್ತಿಕೊಂಡು ಆರುತ್ತವೆ. ದೊಡ್ಡ ಬ್ಯಾಟರಿಯಲ್ಲಿ 70 ಪರ್ಸೆಂಟ್ ಇದ್ದರೂ ಹೀಗಾಗಬಹುದು. ಯಾಕೆಂದರೆ ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್ಚುಗಳು, ಬೀಗ, ದೀಪ, ಕಂಪ್ಯೂಟರ್ ಎಲ್ಲ ನಡೆಯುವುದು ಪೆಟ್ರೋಲ್ ಕಾರಿನಲ್ಲಿ ಇರುವಂಥದೇ ಒಂದು 12 ವೋಲ್ಟ್ ಬ್ಯಾಟರಿಯಿಂದ. ಅದು ಸತ್ತರೆ ಆನೆಯಂಥ ಬ್ಯಾಟರಿ ಇದ್ದೂ ಇಲ್ಲದ ಹಾಗೆ.

ಮಾಡಬೇಕಾದದ್ದು ಇಷ್ಟು. ಕೀ ಫಾಬ್ ಒಳಗೆ ಅಡಗಿರುವ ಲೋಹದ ಕೀ ಹೊರತೆಗೆದು ಡ್ರೈವರ್ ಬಾಗಿಲು ತೆರೆಯಿರಿ. ಬಾನೆಟ್ ಎತ್ತಿ 12 ವೋಲ್ಟ್ ಬ್ಯಾಟರಿ ಹುಡುಕಿ (ಕೆಲವು ಕಾರುಗಳಲ್ಲಿ ಬೇರೆ ಕಡೆ ಇರುತ್ತದೆ, ಕೈಪಿಡಿ ನೋಡಿ). ಮಲ್ಟಿಮೀಟರ್ ಇದ್ದರೆ ಇಟ್ಟು ನೋಡಿ: ತುಂಬಿದ್ದರೆ 12.6 ವೋಲ್ಟಿನ ಆಸುಪಾಸು, 12.2 ಎಂದರೆ ಅರ್ಧ, 11.8ಕ್ಕಿಂತ ಕೆಳಗೆ ಎಂದರೆ ಖಾಲಿ. ಜಂಪ್ ಸ್ಟಾರ್ಟರ್ ಪ್ಯಾಕಿನ ಕೆಂಪನ್ನು ಪ್ಲಸ್ಸಿಗೆ, ಕಪ್ಪನ್ನು ಕೈಪಿಡಿ ತೋರಿಸಿದ ಲೋಹದ ಭಾಗಕ್ಕೆ ಕಚ್ಚಿಸಿ. ಕಾರು ಎದ್ದು ರೆಡಿ ಎಂದು ತೋರಿಸಿದ ಮೇಲೆ ಪ್ಯಾಕ್ ತೆಗೆಯಿರಿ. ರೆಡಿಯಲ್ಲಿದ್ದಾಗ ದೊಡ್ಡ ಬ್ಯಾಟರಿಯೇ ಚಿಕ್ಕದಕ್ಕೆ ಉಣಿಸುತ್ತದೆ, ಆಗ ಮೀಟರ್ 13.5ರಿಂದ 14.5ರ ನಡುವೆ ತೋರಿಸಬೇಕು. ಅರ್ಧ ಮುಕ್ಕಾಲು ಗಂಟೆ ಹಾಗೇ ಬಿಡಿ. ರೆಡಿಯಲ್ಲಿದ್ದೂ 12.5 ದಾಟದಿದ್ದರೆ ಉಣಿಸುವ ಕನ್ವರ್ಟರಿನಲ್ಲೇ ದೋಷವಿರಬಹುದು, ಸರ್ವಿಸ್ ಸೆಂಟರಿಗೆ ಕಳಿಸಿ.

ಕಿತ್ತಳೆ ಬಣ್ಣದ ಕೇಬಲ್ ಯಾವುದನ್ನೂ ಮುಟ್ಟಬೇಡಿ. ಅವು ನೂರಾರು ವೋಲ್ಟಿನವು. ಮತ್ತೆ, ಪಕ್ಕದ ಮನೆಯ ಪೆಟ್ರೋಲ್ ಕಾರು ನಿಂತಾಗ ನಿಮ್ಮ ಇವಿಯಿಂದ ಜಂಪ್ ಕೊಡಲು ಹೋಗಬೇಡಿ. ಅದರ ಸ್ಟಾರ್ಟರ್ ಎಳೆಯುವ ಕರೆಂಟನ್ನು ಕೊಡಲೆಂದು ಇದನ್ನು ಕಟ್ಟಿಲ್ಲ. ಹೆಚ್ಚಿನ ಕೈಪಿಡಿಗಳಲ್ಲಿ ಇದಕ್ಕೆ ನಿಷೇಧವೇ ಇದೆ.

ಬೇಸಿಗೆ ರಜೆಗೆ ರೈಲಿನಲ್ಲಿ ಉಡುಪಿಗೋ ಹುಬ್ಬಳ್ಳಿಗೋ ಹೋಗಿ ತಿಂಗಳು ಕಳೆದು ಬರುವವರ ಕಾರಿಗೆ ಇದು ಹೆಚ್ಚು. ಹೊರಡುವ ಮುನ್ನ ಡ್ಯಾಶ್‌ಕ್ಯಾಮ್, ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಜಿಪಿಎಸ್ ಏನಿದ್ದರೂ ಕಳಚಿಡಿ. ದೊಡ್ಡ ಬ್ಯಾಟರಿ 50-60 ಪರ್ಸೆಂಟಿನಲ್ಲಿ ಇರಲಿ. ಆ್ಯಪ್ ತೆರೆದು ದಿನಕ್ಕೆ ನಾಲ್ಕು ಸಲ "ಕಾರು ಹೇಗಿದೆ" ಎಂದು ನೋಡುವ ಚಪಲವನ್ನೂ ಬಿಡಿ, ನೋಡಿದಾಗಲೆಲ್ಲ ಕಾರು ಎಚ್ಚರಗೊಂಡು ಚಿಕ್ಕ ಬ್ಯಾಟರಿಯನ್ನೇ ತಿನ್ನುತ್ತದೆ. ನೆರೆಯವರಿಗೆ ಕೀ ಕೊಟ್ಟು ವಾರಕ್ಕೊಮ್ಮೆ ಅರ್ಧ ಗಂಟೆ ರೆಡಿಯಲ್ಲಿಡಲು ಹೇಳಿದರೆ ಸಾಕು. ಈ ಚಿಕ್ಕ ಬ್ಯಾಟರಿಯ ಆಯುಷ್ಯ ಮೂರರಿಂದ ಐದು ವರ್ಷ. ಮೂರು ದಾಟಿದ ಮೇಲೆ ಪ್ರತಿ ಸರ್ವಿಸಿನಲ್ಲೂ ಲೋಡ್ ಟೆಸ್ಟ್ ಮಾಡಿಸಿ.

ಸ್ಕ್ರೀನ್ ಹೆಪ್ಪುಗಟ್ಟಿದೆ, ಗೇರ್ ಡಿ ತಗೊಳ್ಳುತ್ತಿಲ್ಲ, ಆದರೆ ದೀಪಗಳೆಲ್ಲ ಸರಿಯಾಗಿ ಉರಿಯುತ್ತಿವೆ ಎಂದಾದರೆ ಅದು ಸಾಫ್ಟ್‌ವೇರಿನ ಮುನಿಸು ಇರಬಹುದು. ಕಾರು ಲಾಕ್ ಮಾಡಿ, ಕೀ ತೆಗೆದುಕೊಂಡು ದೂರ ಹೋಗಿ, ಒಂದು ಹತ್ತು ಹದಿನೈದು ನಿಮಿಷ ಬಿಟ್ಟು ಬನ್ನಿ. ಒಳಗಿನ ಕಂಪ್ಯೂಟರುಗಳು ಮಲಗಿ ಏಳಲು ಅಷ್ಟು ಹೊತ್ತು ಬೇಕು. ಕೀ ಜೇಬಿನಲ್ಲಿಟ್ಟುಕೊಂಡು ಕಾರಿನ ಪಕ್ಕದಲ್ಲೇ ನಿಂತರೆ ಅವು ಮಲಗುವುದಿಲ್ಲ.

ಹೊರಗಿನ ಚಾರ್ಜರ್ ಶುರುವಾಗುತ್ತಿಲ್ಲ, ಅಥವಾ ಗನ್ ಬಿಡುತ್ತಿಲ್ಲ

ಭಾರತದಲ್ಲಿ ಈಗಿನ ಕಾರುಗಳ ಡಿಸಿ ಚಾರ್ಜಿಂಗಿಗೆ ಸಿಸಿಎಸ್2 ಗನ್, ಎಸಿಗೆ ಟೈಪ್ 2. ಮೊದಲು ನಿಮ್ಮ ಕಾರಿಗೆ ಡಿಸಿ ಸೌಲಭ್ಯ ಇದೆಯೇ ಖಚಿತಪಡಿಸಿಕೊಳ್ಳಿ. ಎಂಜಿ ಕಾಮೆಟ್‌ನಂಥ ಪುಟ್ಟ ಕಾರಿಗೆ ಅದು ಇಲ್ಲ.

ಗನ್ ಸಿಕ್ಕಿಸಿ ಆ್ಯಪಿನಲ್ಲಿ ಸ್ಟಾರ್ಟ್ ಒತ್ತಿದರೂ ಎರರ್ ಬಂದರೆ ಯಂತ್ರದ ಮೇಲಿನ ಕೆಂಪು ಅಣಬೆ ಬಟನ್ ನೋಡಿ. ಯಾರೋ ಒತ್ತಿ ಹೋಗಿರುತ್ತಾರೆ, ಬಲಕ್ಕೆ ತಿರುಗಿಸಿದರೆ ಮೇಲೆ ಬರುತ್ತದೆ. ಅದು ಸರಿಯಿದ್ದರೆ ಗನ್ ತೆಗೆದು ಮತ್ತೆ ಹಾಕಿ, ಈ ಸಲ ಕೈಯಿಂದ ಗನ್ನನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು ನಿಲ್ಲಿ. ದಪ್ಪ ಕೇಬಲಿನ ಭಾರಕ್ಕೆ ಗನ್ ಜೋತು ಒಳಗಿನ ಪಿನ್ನುಗಳು ಓರೆಯಾದಾಗ ಕಾರಿಗೂ ಯಂತ್ರಕ್ಕೂ ಮಾತುಕತೆ ಕೂಡುವುದಿಲ್ಲ. ಲಾಕ್ ಟಕ್ಕೆಂದು ಸದ್ದು ಮಾಡಿ ಯೂನಿಟ್ ಓಡಲು ಶುರುವಾಗುವವರೆಗೆ ಹಿಡಿದಿರಿ. ನಗೆಪಾಟಲು ಅನಿಸಿದರೂ ಕೆಲಸ ಮಾಡುತ್ತದೆ. ಇಷ್ಟಾಗಿಯೂ ಆಗದಿದ್ದರೆ ಹೆಲ್ಪ್‌ಲೈನಿಗೆ ಹೇಳಿ ದೂರದಿಂದಲೇ ಯಂತ್ರ ರೀಸ್ಟಾರ್ಟ್ ಮಾಡಿಸಿ. ಮಾಲ್ ಬೇಸ್‌ಮೆಂಟಿನಲ್ಲಿ ನೆಟ್‌ವರ್ಕ್ ಸಿಗದೆ ಆ್ಯಪ್ ಸುತ್ತುತ್ತಲೇ ಇರುತ್ತದೆ, ಅಂಥ ಕಡೆಗೆ ಆ ಕಂಪನಿಯ ಆರ್‌ಎಫ್‌ಐಡಿ ಕಾರ್ಡ್ ತರಿಸಿಟ್ಟುಕೊಳ್ಳಿ. ಊರಿಗೆ ಹೊರಡುವ ಹಿಂದಿನ ದಿನವೇ ಮೂರು ನಾಲ್ಕು ಆ್ಯಪುಗಳಲ್ಲಿ ನೋಂದಣಿ ಮುಗಿಸಿ ವಾಲೆಟ್ಟಿಗೆ ಅಷ್ಟಿಷ್ಟು ಹಣ ಹಾಕಿಡಿ. ಹೆದ್ದಾರಿ ಬದಿ ನಿಂತು ಒಟಿಪಿಗೆ ಕಾಯುವ ಕಷ್ಟ ಯಾರಿಗೂ ಬೇಡ.

ಗನ್ ಸಿಕ್ಕಿಹಾಕಿಕೊಂಡರೆ ಜಗ್ಗಾಡಬೇಡಿ. ಆ್ಯಪಿನಲ್ಲಿ ಸ್ಟಾಪ್ ಮಾಡಿ, ಕೀಯಿಂದ ಕಾರನ್ನು ಒಮ್ಮೆ ಲಾಕ್, ಒಮ್ಮೆ ಅನ್‌ಲಾಕ್ ಮಾಡಿ, ಗನ್ನನ್ನು ಮೊದಲು ಒಳಕ್ಕೆ ಒತ್ತಿ ಆಮೇಲೆ ಎಳೆಯಿರಿ. ಆಗಲೂ ಬಿಡದಿದ್ದರೆ ಹೆಚ್ಚಿನ ಕಾರುಗಳಲ್ಲಿ ಬಾನೆಟ್ ಅಥವಾ ಡಿಕ್ಕಿಯೊಳಗೆ ಒಂದು ಪುಟ್ಟ ಎಳೆದಾರ ಇರುತ್ತದೆ. ಅದು ಎಲ್ಲಿದೆ ಎಂದು ಹಗಲು ಹೊತ್ತಿನಲ್ಲಿ, ಮನೆಯಲ್ಲೇ ಒಮ್ಮೆ ನೋಡಿಟ್ಟುಕೊಳ್ಳಿ.

ನಿಧಾನ ಎಂಬ ದೂರಿಗೆ ಕಾರಣ ಎರಡು ಮೂರು. 60 ಕಿಲೋವ್ಯಾಟ್ ಎಂದು ಬರೆದ ಯಂತ್ರದಲ್ಲಿ ಎರಡು ಗನ್ ಇದ್ದು ಪಕ್ಕದಲ್ಲಿ ಇನ್ನೊಬ್ಬರು ನಿಂತಿದ್ದರೆ ನಿಮಗೆ ಅರ್ಧ ಬರಬಹುದು. 80 ಪರ್ಸೆಂಟ್ ದಾಟಿದ ಮೇಲೆ ಕಾರೇ ವೇಗ ಇಳಿಸಿಕೊಳ್ಳುತ್ತದೆ, ಹಾಗಾಗಿ ದಾರಿಯಲ್ಲಿ ನೂರು ತುಂಬಿಸಲು ಕೂರುವುದು ನಿಮಗೂ ಹಿಂದೆ ಕಾದವರಿಗೂ ನಷ್ಟ. ಬಿಸಿಲಲ್ಲಿ ಓಡಿ ಬಂದ ಬ್ಯಾಟರಿ ಕಾದಿದ್ದರೂ ಅಷ್ಟೇ.

ರೇಂಜ್ ಇದ್ದಕ್ಕಿದ್ದಂತೆ ಕುಸಿಯಿತು

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಮೊದಲ ಸಲ ಘಾಟ್ ಹತ್ತಿದವರು ಪರ್ಸೆಂಟ್ ಇಳಿಯುವ ವೇಗ ನೋಡಿ ಗಾಬರಿ ಬೀಳುತ್ತಾರೆ. ಲೆಕ್ಕ ಹಾಕೋಣ. ಖೋಪೋಲಿಯ ಬುಡದಿಂದ ಲೋನಾವಳಕ್ಕೆ ಏರು ಸುಮಾರು 560 ಮೀಟರ್. ಜನ, ಸಾಮಾನು ಸೇರಿ 1,800 ಕಿಲೋದ ಕಾರನ್ನು ಅಷ್ಟು ಎತ್ತಲು ಬೇಕಾದ್ದು 2.7 ಯೂನಿಟ್, ಮೋಟರಿನ ನಷ್ಟ ಸೇರಿಸಿ 3 ಯೂನಿಟ್ ಅನ್ನಿ. 45 ಯೂನಿಟ್ಟಿನ ಬ್ಯಾಟರಿಯಲ್ಲಿ ಅದು 7 ಪರ್ಸೆಂಟಿಗಿಂತ ಕಡಿಮೆ, ಸಪಾಟು ರಸ್ತೆಯ 20 ಕಿಲೋಮೀಟರಿಗೆ ಸಮ. ಅಷ್ಟೇ. ವಾಪಸು ಇಳಿಯುವಾಗ ಅದರಲ್ಲಿ ಒಳ್ಳೆಯ ಪಾಲು ರೀಜೆನ್‌ನಿಂದ, ಅಂದರೆ ಕಾರಿನ ವೇಗ ತಡೆಯುವಾಗ ಮೋಟರೇ ಕರೆಂಟ್ ಹುಟ್ಟಿಸುವುದರಿಂದ, ಮರಳಿ ಬರುತ್ತದೆ.

ರೇಂಜ್ ನುಂಗುವುದು ಘಾಟ್ ಅಲ್ಲ, ವೇಗ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ: 80ರಲ್ಲಿ ಹೋಗುವುದಕ್ಕಿಂತ 100ರಲ್ಲಿ ಅದು 56 ಪರ್ಸೆಂಟ್ ಹೆಚ್ಚು. ಮುಂದಿನ ಚಾರ್ಜರ್ ತಲುಪುವುದು ಅನುಮಾನ ಎಂದಾದರೆ ಎಸಿ ಆರಿಸಿ ಬೆವರುವುದಕ್ಕಿಂತ ಎಡಗಡೆಯ ಲೇನ್ ಹಿಡಿದು ವೇಗ ಇಳಿಸುವುದು ಎಷ್ಟೋ ಪಾಲು ಉಪಯೋಗಿ. ಡ್ಯಾಶ್‌ಬೋರ್ಡಿನಲ್ಲಿ ಆಮೆಯ ಚಿತ್ರ ಬಂದರೆ ಮಾತ್ರ ತಡಮಾಡಬೇಡಿ, ಸುರಕ್ಷಿತ ಜಾಗ ನೋಡಿ ಬದಿಗೆ ಬನ್ನಿ.

ಲೋನಾವಳದ ರೆಸಾರ್ಟಿನಲ್ಲಿ ಉಳಿದವರಿಗೆ ಒಂದು ಮಾತು. ಅಲ್ಲಿ 100 ತುಂಬಿಸಿ ಮುಂಬೈ ಕಡೆ ಹೊರಟರೆ ಇಳಿಜಾರು ತಕ್ಷಣ ಶುರು, ಬ್ಯಾಟರಿಯಲ್ಲಿ ಜಾಗ ಇಲ್ಲದ್ದರಿಂದ ರೀಜೆನ್ ಹಿಡಿಯುವುದಿಲ್ಲ. ಕಾರು ಕಾಲಿಗೆ ಸಿಗದೆ ಜಾರಿದಂತೆ ಅನಿಸುತ್ತದೆ. ಇದು ದೋಷವಲ್ಲ. ಕಾಲಿನ ಬ್ರೇಕ್ ಬಳಸಿ, ಮುಂದಿನ ಸಲ 85-90ಕ್ಕೆ ನಿಲ್ಲಿಸಿ. ಬೆಳಗಾವಿಯಿಂದ ಚೋರ್ಲಾ ಘಾಟ್ ಮೇಲೆ ಗೋವಾಕ್ಕೆ ಹೋಗುವವರಿಗೆ ಈ ಚಿಂತೆಯಿಲ್ಲ, ಜಾಂಬೋಟಿ ದಾಟಿ ಇಳಿಜಾರು ಬರುವಷ್ಟರಲ್ಲಿ ಜಾಗ ಆಗಿರುತ್ತದೆ. ಗೋವಾದಿಂದ ಬೆಳಗಾವಿಗೆ ಹತ್ತುವಾಗ ಮಾತ್ರ ಲೋನಾವಳಕ್ಕಿಂತ ಹೆಚ್ಚಿನ ಏರು. ಪಣಜಿ, ಮಾಪುಸಾ ಕಡೆಯಲ್ಲೇ ಸಾಕಷ್ಟು ತುಂಬಿಸಿಕೊಂಡು ಹೊರಡಿ, ನಡುವಿನ ಕಾಡನ್ನು ನಂಬಬೇಡಿ.

ಊರಲ್ಲಿ ಓಡಾಡುವಾಗಲೇ ಶೇಕಡಾ ಲೆಕ್ಕ ತಪ್ಪತೊಡಗಿದರೆ, 25 ಇದ್ದದ್ದು ಏಕಾಏಕಿ 15ಕ್ಕೆ ಹಾರಿದರೆ, ನಿಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯೇ ನೋಡಿ. ಟಾಟಾ ನೆಕ್ಸಾನ್, ಟಿಯಾಗೊ ಇವಿಗಳಲ್ಲಿ, ಎಂಜಿ ವಿಂಡ್ಸರ್‌ನಲ್ಲಿ ಇರುವುದು ಅದು. ಈ ಬಗೆಯ ಬ್ಯಾಟರಿಯ ವೋಲ್ಟೇಜ್ ತುಂಬಿದ್ದಾಗಲೂ ಅರ್ಧವಾದಾಗಲೂ ಹೆಚ್ಚುಕಡಿಮೆ ಒಂದೇ ಇರುವುದರಿಂದ ಕಂಪ್ಯೂಟರಿಗೆ ಅಂದಾಜು ತಪ್ಪುತ್ತದೆ. ಕೈಪಿಡಿ ಹೇಳಿದಂತೆ ಆಗಾಗ ನಿಧಾನದ ಎಸಿ ಚಾರ್ಜರಿನಲ್ಲಿ 100 ತುಂಬುವವರೆಗೆ ಬಿಡಿ, ಲೆಕ್ಕ ಸರಿಹೋಗುತ್ತದೆ. ಎನ್‌ಎಂಸಿ (ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್) ಬ್ಯಾಟರಿಯ ಕಾರಿಗೆ ಉಲ್ಟಾ: ದಿನನಿತ್ಯ 80-90 ಸಾಕು, ನೂರು ಊರಿಗೆ ಹೋಗುವ ದಿನಕ್ಕಿರಲಿ. ಟೈರಿನ ಗಾಳಿಯನ್ನೂ ನೋಡಿ. ಕಾರಿನ ತೂಕ ಹೆಚ್ಚು, ಗಾಳಿ ಕಡಿಮೆಯಾದರೆ ರೇಂಜೂ ಟೈರೂ ಒಟ್ಟಿಗೇ ಸವೆಯುತ್ತವೆ.

ಟೋಲ್ ಬಗ್ಗೆ ಒಂದು ಸಾಲು. ಮಹಾರಾಷ್ಟ್ರದ 2025ರ ಇವಿ ನೀತಿಯಲ್ಲಿ ಅಟಲ್ ಸೇತು, ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ, ಸಮೃದ್ಧಿ ಮಹಾಮಾರ್ಗಗಳಲ್ಲಿ ಇಲೆಕ್ಟ್ರಿಕ್ ಕಾರಿಗೆ ಟೋಲ್ ಮಾಫಿ ಇದೆ. ಫಾಸ್ಟ್ಯಾಗಿನಿಂದ ಹಣ ಕಡಿತವಾಗಿದ್ದರೆ ವಾಹನ್ (ಸರ್ಕಾರದ ವಾಹನ ನೋಂದಣಿ) ದಾಖಲೆಯಲ್ಲಿ ಇಂಧನದ ಜಾಗದಲ್ಲಿ ಇಲೆಕ್ಟ್ರಿಕ್ ಎಂದೇ ಇದೆಯೇ ನೋಡಿ, ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಿನಲ್ಲಿ ದೂರು ದಾಖಲಿಸಿ.

ಮಳೆಗಾಲ

ಮಳೆಯಲ್ಲಿ ಚಾರ್ಜ್ ಮಾಡಬಹುದೇ? ಮಾಡಬಹುದು. ಗನ್ ಸರಿಯಾಗಿ ಕೂತು ಕಾರಿನೊಂದಿಗೆ ಮಾತುಕತೆ ಮುಗಿದ ಮೇಲೆಯೇ ಕರೆಂಟ್ ಹರಿಯುವುದು. ಅಪಾಯ ಇನ್ನೊಂದು ತುದಿಯಲ್ಲಿ, ಗೋಡೆಯ ಸಾಕೆಟ್ಟಿನಲ್ಲಿ. ಅದು ಸೂರಿನ ಕೆಳಗೇ ಇರಬೇಕು. ಪೋರ್ಟಬಲ್ ಚಾರ್ಜರಿನ ಪೆಟ್ಟಿಗೆಯನ್ನು ನೆಲಕ್ಕೆ ಬಿಡದೆ ಮೊಳೆಗೆ ನೇತುಹಾಕಿ, ಬೇಸ್‌ಮೆಂಟಿನಲ್ಲಿ ನೀರು ಬರುವುದು ನೆಲದಿಂದಲೇ.

ನಿಂತ ನೀರಿನಲ್ಲಿ ಓಡಿಸುವ ವಿಷಯಕ್ಕೆ ಬಂದರೆ, ಬ್ಯಾಟರಿಗೆ ಐಪಿ67 ರಕ್ಷಣೆ ಇದೆ ಎಂಬ ಧೈರ್ಯ ಬೇಡ. ಅದರ ಅರ್ಥ ಪರೀಕ್ಷೆಯಲ್ಲಿ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯಿತು ಎಂದು. ಆ ಪರೀಕ್ಷೆ ನಿಶ್ಚಲ ನೀರಿನಲ್ಲಿ, ಹೊಸ ಪ್ಯಾಕಿನ ಮೇಲೆ. ನಾಲ್ಕು ವರ್ಷ ಸ್ಪೀಡ್‌ಬ್ರೇಕರಿಗೆ ಹೊಟ್ಟೆ ಉಜ್ಜಿಸಿಕೊಂಡ ಕಾರಿಗೆ ಆ ಮಾತು ಅನ್ವಯಿಸದು. ಕಾರಿನ ಉಳಿದ ಕನೆಕ್ಟರುಗಳಿಗೂ ಆ ರಕ್ಷಣೆ ಇರಬೇಕೆಂದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಊರು ಇದು. ಹಿಂದ್‌ಮಾತಾ, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇಗಳಲ್ಲಿ ನೀರು ಚಕ್ರದ ನಡುಮಟ್ಟಕ್ಕೆ ಬಂದಿದ್ದರೆ ಕಾರು ತಿರುಗಿಸಿ.

ಕಾರು ಮುಳುಗಿಯೇ ಹೋದರೆ, ನೀರು ಇಳಿದ ಮೇಲೆ ಆನ್ ಮಾಡಿ ನೋಡಬೇಡಿ. ಚಾರ್ಜಿಗಂತೂ ಹಾಕಲೇಬೇಡಿ. ನೀರಿನ ಗುರುತು ಕಾಣುವಂತೆ ಫೋಟೋ ತೆಗೆದು, ವಿಮೆಯವರಿಗೆ ತಿಳಿಸಿ, ಫ್ಲಾಟ್‌ಬೆಡ್ ಮೇಲೆ ಸರ್ವಿಸ್ ಸೆಂಟರಿಗೆ ಕಳಿಸಿ. ವಿಮೆ ನವೀಕರಿಸುವಾಗ ಬ್ಯಾಟರಿ, ಮೋಟರ್, ಚಾರ್ಜರಿಗೆ ನೀರು ನುಗ್ಗಿದ ನಷ್ಟಕ್ಕೆ ರಕ್ಷಣೆ ಇದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಹಳೆಯ ಕಾರಿನ ಅಭ್ಯಾಸಕ್ಕೆ ಏಜೆಂಟ್ ಸೇರಿಸಿದ ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ವಿಮೆ ಇಲ್ಲಿ ಕೆಲಸಕ್ಕೆ ಬಾರದು.

ಬ್ರೇಕ್, ಇಲಿ, ಕೂಲೆಂಟ್

ರೀಜೆನ್‌ನಿಂದಾಗಿ ಇವಿಯಲ್ಲಿ ನಿಜವಾದ ಬ್ರೇಕ್ ಬಳಕೆ ಕಡಿಮೆ. ಕರಾವಳಿಯ ಉಪ್ಪು ಗಾಳಿಗೆ, ಮಳೆಗೆ ಡಿಸ್ಕ್ ತುಕ್ಕು ಹಿಡಿಯುತ್ತದೆ, ಕ್ಯಾಲಿಪರಿನ ಪಿನ್ನು ಕಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಕರಕರ ಸದ್ದು ಬಂದು ಒಂದೆರಡು ಬ್ರೇಕಿಗೆ ನಿಂತರೆ ಚಿಂತೆಯಿಲ್ಲ. ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ರೀಜೆನ್ ಸೊನ್ನೆಗಿಟ್ಟು ನಾಲ್ಕಾರು ಸಲ ಗಟ್ಟಿಯಾಗಿ ಬ್ರೇಕ್ ಹಿಡಿಯಿರಿ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಪಿನ್ ಬಿಚ್ಚಿ ಗ್ರೀಸ್ ಮಾಡಿಸಿ.

ಮುಂಬೈ ಇಲಿಗಳಿಗೆ ಪೆಟ್ರೋಲ್, ಕರೆಂಟ್ ಭೇದವಿಲ್ಲ. ಚಕ್ರದ ಮೂಲಕ ಒಳಹೊಕ್ಕು ಸಣ್ಣ ವೈರು ಕಡಿದರೆ ಸಂಬಂಧವೇ ಇಲ್ಲದ ನಾಲ್ಕು ಎಚ್ಚರಿಕೆಗಳು ಒಟ್ಟಿಗೆ ಬರುತ್ತವೆ. ಬಾನೆಟ್ ಎತ್ತಿದಾಗ ಹಿಕ್ಕೆ, ಹತ್ತಿಯ ಚೂರು ಕಂಡರೆ ಓಡಿಸದೆ ಟೋ ಮಾಡಿಸಿ. ಇಲಿ ಕಡಿದದ್ದಕ್ಕೆ ವಿಮೆ ಸಿಗುತ್ತದೆಯೇ ಎಂಬುದನ್ನೂ ನವೀಕರಣದ ದಿನವೇ ಕೇಳಿಡಿ.

ಕೂಲೆಂಟ್ ಕಡಿಮೆಯಾದರೆ ನಲ್ಲಿ ನೀರು ಹುಯ್ಯುವ ಹಳೆಯ ಚಾಳಿ ಬೇಡ. ಬ್ಯಾಟರಿಯ ಕೂಲೆಂಟ್ ಬೇರೆ ಬಗೆಯದು, ಕಂಪನಿ ಹೇಳಿದ್ದನ್ನೇ ಹಾಕಬೇಕು. ಅದು ಪದೇಪದೇ ಕಡಿಮೆಯಾಗುತ್ತಿದ್ದರೆ ಸೋರಿಕೆ ಹುಡುಕಿಸಿ.

ಟೋ ಮಾಡಿಸಿ ಸರ್ವಿಸಿಗೆ ಕೊಡುವಾಗ

ಚಕ್ರಗಳು ನೆಲಕ್ಕೆ ತಾಗಿ ಉರುಳುವಂತೆ ಇವಿಯನ್ನು ಎಳೆಸಬಾರದು. ಚಕ್ರ ತಿರುಗಿದರೆ ಮೋಟರೂ ತಿರುಗಿ ಕರೆಂಟ್ ಹುಟ್ಟಿಸುತ್ತದೆ. ಟ್ರಾಫಿಕ್ ಪೊಲೀಸರ ಕ್ರೇನಿನವರಿಗೂ ಇದನ್ನು ಹೇಳಿ, ಕೇಳಿದಷ್ಟು ಕೇಳಲಿ. ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ಡೇ ಬೇಕು.

ಜಾಬ್ ಕಾರ್ಡಿನಲ್ಲಿ "ಚಾರ್ಜಿಂಗ್ ಸಮಸ್ಯೆ" ಎಂದು ಎರಡೇ ಪದ ಬರೆದರೆ ಸಹಿ ಹಾಕಬೇಡಿ. ಯಾವ ಚಾರ್ಜರ್, ಎಸಿಯೋ ಡಿಸಿಯೋ, ಎಷ್ಟು ಪರ್ಸೆಂಟಿನಲ್ಲಿ ನಿಂತಿತು, ಸ್ಕ್ರೀನಿನಲ್ಲಿ ಬಂದ ಸಂದೇಶ ಏನು ಎಂಬುದೆಲ್ಲ ಅಕ್ಷರದಲ್ಲಿರಲಿ, ಫೋಟೋ ವಾಟ್ಸಾಪಿನಲ್ಲಿ ಕಳಿಸಿ. ವರ್ಷಕ್ಕೊಮ್ಮೆ ಬ್ಯಾಟರಿಯ ಆರೋಗ್ಯದ ರಿಪೋರ್ಟನ್ನು, ಅಂದರೆ ಮೊದಲಿನ ಸಾಮರ್ಥ್ಯದಲ್ಲಿ ಎಷ್ಟು ಪಾಲು ಉಳಿದಿದೆ ಎಂಬುದನ್ನು, ಮುದ್ರಿತ ರೂಪದಲ್ಲಿ ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡುತ್ತಾರೆ, ಬಿಡಬೇಡಿ. ವಾರಂಟಿಯ ಕೊನೆಯ ವರ್ಷದಲ್ಲಿ ವಾದಿಸಲು, ಕಾರು ಮಾರುವಾಗ ಬೆಲೆ ಕಟ್ಟಲು ಆ ಕಾಗದಗಳೇ ಬೇಕಾಗುವುದು.